‘ಲಂಗರು’ ಪತ್ರಿಕೆಯ ನಿಜವಾದ ಚರಿತ್ರೆ

ಹಡಗು ಕಂಪನಿಯ ಸಿಬ್ಬಂದಿ ಪತ್ರಿಕೆ ‘ಲಂಗರು’ ಇಪ್ಪತ್ತೈದು ವರ್ಷ ಮುಗಿಸಿತು. ಅದರ ಚರಿತ್ರೆಯನ್ನು ಮಧ್ಯಾಹ್ನದೊಳಗೆ ಒಂದು ಪುಟದಲ್ಲಿ ಬರೆದುಕೊಡಬೇಕೆಂದು ಮ್ಯಾನೇಜರು ಟಪಾಲು ಗುಮಾಸ್ತನಿಗೆ ಹೇಳಿಕಳಿಸಿದರು. ಗುಮಾಸ್ತನಿಗೆ ಮೈಯೆಲ್ಲ ಉರಿಯಿತು.

ಉರಿಯದೆ ಇನ್ನೇನು? ಮೊದಲ ಸಂಚಿಕೆಯಿಂದಲೂ ಅವನು ಲೇಖನ ಕೊಡಿ ಎಂದು ಮೇಜಿನಿಂದ ಮೇಜಿಗೆ ಅಲೆದಿದ್ದ. ಒಬ್ಬ ಪುಣ್ಯಾತ್ಮನೂ ಅರ್ಧ ಸಾಲು ಕೊಟ್ಟಿರಲಿಲ್ಲ. ಪುಟ ಖಾಲಿ ಬಿಡುವಂತಿಲ್ಲವಲ್ಲ, ಎಲ್ಲವನ್ನೂ ತಾನೇ ಬರೆದು ಅವರಿವರ ಹೆಸರು ಹಾಕುತ್ತ ಬಂದ. ಕ್ಯಾಪ್ಟನ್ನರ ಸಮುದ್ರಯಾನ ಅವನದೇ, ಟೈಪಿಸ್ಟಮ್ಮನ ಪದ್ಯಗಳೂ ಅವನವೇ. ಕ್ಯಾಪ್ಟನ್ನರಿಗೆ ಸನ್ಮಾನಗಳಾದವು. ಟೈಪಿಸ್ಟಮ್ಮ ಮನೆ ಬಾಗಿಲಿಗೆ ‘ಕವಯಿತ್ರಿ’ ಎಂಬ ಫಲಕ ಹಾಕಿಸಿಕೊಂಡರು. ಅವನ ಹೆಂಡತಿ ಮಾತ್ರ, ಅವರೆಲ್ಲ ಅಷ್ಟು ಚೆನ್ನಾಗಿ ಬರೆಯುವಾಗ ನಿಮಗೇಕೆ ಒಂದಕ್ಷರ ಹುಟ್ಟುವುದಿಲ್ಲ ಎಂದು ತಿಂಗಳು ತಿಂಗಳೂ ಚುಚ್ಚುತ್ತಿದ್ದಳು. ನಿಜ ಹೇಳಿದರೆ ನಗುತ್ತಿದ್ದಳು.

ಒಮ್ಮೆಯಾದರೂ ತನ್ನ ಹೆಸರು ಅಚ್ಚಾಗಲೇಬೇಕು ಎಂದು ಹಟ ತೊಟ್ಟು ಅವನು ಬರೆಯಲು ಕೂತ. “ಈ ಪತ್ರಿಕೆಯ ಒಂದೊಂದು ಅಕ್ಷರವನ್ನೂ ನಾನೇ ಬರೆದೆ” ಎಂದು ಆರಂಭಿಸಿ, ಕೊನೆಗೆ ತನ್ನ ಹೆಸರನ್ನು ದಪ್ಪ ಅಕ್ಷರಗಳಲ್ಲಿ ಹಾಕಿದ.

ಬೆನ್ನ ಹಿಂದೆ ಬಗ್ಗಿ ಓದುತ್ತಿದ್ದ ಕ್ಯಾಪ್ಟನ್ನರು ಕೆಂಡವಾದರು.

“ಏನಯ್ಯಾ ಇದು? ಬಿರುಗಾಳಿಲಿ ಸಿಕ್ಕಿಹಾಕ್ಕೊಂಡೋನು ನಾನಾ, ನೀನಾ?”

“ಬಿರುಗಾಳಿನೂ ನಾನೇ ಬರೆದದ್ದು ಸಾರ್. ಆ ತಿಂಗಳು ನಿಮ್ಮ ಹಡಗು ರಿಪೇರಿಗೆ ನಿಂತಿತ್ತು.”

ಕ್ಯಾಪ್ಟನ್ನರು ಕೊಂಚ ಯೋಚಿಸಿ, ಅಲೆ ಬಡಿದದ್ದು ತಮಗಿನ್ನೂ ಚೆನ್ನಾಗಿ ನೆನಪಿದೆ ಎಂದರು. ಹೆತ್ತ ಮಕ್ಕಳನ್ನೇ ಕಿತ್ತುಕೊಂಡ ಹಾಗಾಯಿತೆಂದು ಟೈಪಿಸ್ಟಮ್ಮ ಕಣ್ಣೊರೆಸಿಕೊಂಡರು. ಬೆಲ್ಲಕ್ಕೆ ನೊಣ ಮುತ್ತಿದಂತೆ ಇಡೀ ಆಫೀಸು ಅವನನ್ನು ಮುತ್ತಿ, ಹೊಟ್ಟೆಕಿಚ್ಚಿನವನು, ಉಂಡ ಮನೆಯ ಜಂತೆ ಎಣಿಸುವವನು ಎಂದು ಛೀಮಾರಿ ಹಾಕಿತು. ಇಪ್ಪತ್ತೈದು ವರ್ಷ ಪುಕ್ಕಟೆ ಕೀರ್ತಿ ಉಂಡವರು ಯಾರು ಸ್ವಾಮಿ?

ಗುಮಾಸ್ತ ಜಗ್ಗಲಿಲ್ಲ. ಹಾಳೆ ಎತ್ತಿಕೊಂಡು ನೇರ ಮ್ಯಾನೇಜರ ಕೋಣೆಗೆ ನುಗ್ಗಿದ. ಅವರು ಎರಡೆರಡು ಸಲ ಓದಿದರು. ತುಂಬ ಸೊಗಸಾಗಿದೆ, ಚರಿತ್ರೆಯ ಒಂದು ಸಾಲನ್ನೂ ಮುಟ್ಟದೆ ಈಗಲೇ ತಾವೇ ಪ್ರೆಸ್ಸಿಗೆ ಕಳಿಸುವುದಾಗಿ ಹೇಳಿದರು. ಗುಮಾಸ್ತನಿಗೆ ಕಣ್ಣು ತುಂಬಿ ಬಂತು.

ಸಂಜೆ ಪತ್ರಿಕೆಯ ಕಟ್ಟು ಬಂತು. ಗುಮಾಸ್ತ ಕೈ ಹಾಕುವ ಮೊದಲೇ ಕ್ಯಾಪ್ಟನ್ನರು ಒಂದು ಪ್ರತಿ ಎಳೆದುಕೊಂಡು ಓದಿದರು. ಅವರ ಮುಖ ಸಪ್ಪಗಾಯಿತು.

“ನಾನು ಬರೀಲಿಲ್ಲ ಕಣಯ್ಯ, ಒಪ್ಕೋತೀನಿ.”

ಗುಮಾಸ್ತನ ಎದೆ ಉಬ್ಬಿತು.

“ಆದ್ರೆ ಇಪ್ಪತ್ತೈದು ವರ್ಷ ಕಷ್ಟಪಟ್ಟು ನಮಗೆಲ್ಲ ಬರೆದುಕೊಟ್ಟ ದೊಡ್ಡ ಮನುಷ್ಯರು ಸುಮ್ಮನೆ ಒಳಗೆ ಕೂತಿದ್ರೆ, ನೀನು ಎಲ್ಲಾ ನಂದೇ ಅಂದ್ಯಲ್ಲ, ನಾಚಿಕೆ ಆಗಲಿಲ್ವಾ?”

ಗುಮಾಸ್ತ ಪತ್ರಿಕೆ ಕಿತ್ತುಕೊಂಡು ನೋಡಿದ. ಚರಿತ್ರೆಯ ಒಂದು ಸಾಲನ್ನೂ ಯಾರೂ ಮುಟ್ಟಿರಲಿಲ್ಲ. ಕೆಳಗೆ ದಪ್ಪ ಅಕ್ಷರಗಳಲ್ಲಿ ಮ್ಯಾನೇಜರ ಹೆಸರಿತ್ತು, ಪಕ್ಕದಲ್ಲಿ ಅವರ ಫೋಟೋ.