ತಿದ್ದಿದ ಎತ್ತು, ತಿದ್ದದ ಎತ್ತು

ಇದ್ದದ್ದನ್ನು ಇದ್ದ ಹಾಗೆ ಬಿಡುವುದು ನನ್ನ ಜಾಯಮಾನದಲ್ಲಿಲ್ಲ. ಊಟಕ್ಕೆ ಕೂತರೆ ಎಲೆಯ ಮೇಲಿನ ಪಲ್ಯವನ್ನಾದರೂ ಒಂದಿಷ್ಟು ಆಚೀಚೆ ಸರಿಸಿ, ಅಂದ ಮಾಡಿಯೇ ತಿನ್ನುವವನು ನಾನು. ಇಂಥ ನಾನು ಎಂಬತ್ತರ ದಶಕದಲ್ಲಿ ತಮಿಳು ಸೀಮೆಯ ಸಿಂಗಾನಲ್ಲೂರು ಬಸ್ ನಿಲ್ದಾಣದ ಎದುರು ಫೋಟೋ ಸ್ಟುಡಿಯೋ ಇಟ್ಟೆ. ಆಗ ಫೋಟೋ ತಿದ್ದುವುದೆಂದರೆ ನೆಗೆಟಿವ್ ಮೇಲೆಯೇ ಚೂಪು ಪೆನ್ಸಿಲಿನಿಂದ ಚುಕ್ಕಿ ಇಡುವುದು, ಬ್ಲೇಡಿನ ಮೊನೆಯಿಂದ ಕೆರೆಯುವುದು. ಕೆರೆದರೆ ಮುಗಿಯಿತು, ಹಿಂದಕ್ಕೆ ಬರುವ ದಾರಿಯಿಲ್ಲ.

ಆ ಕೆಲಸ ನಮ್ಮ ಅತ್ತಿಗೆಯದು. ಅಣ್ಣ ಮಿಲ್ಲಿಗೆ ಹೋದ ಮೇಲೆ ಬಂದು ಕಿಟಕಿಯ ಬಳಿ ಕೂರುತ್ತಿದ್ದರು. ಅವರ ಕೈಯಲ್ಲಿ ಮದುವೆ ಹುಡುಗಿಯರ ಮೊಡವೆ ಹೋಗುತ್ತಿತ್ತು, ಮುಖ ಅವರದೇ ಉಳಿಯುತ್ತಿತ್ತು. ನಾನು ತಿದ್ದಿದರೆ ಮೊಡವೆಯ ಜೊತೆಗೆ ಹುಡುಗಿಯೂ ಹೋಗಿಬಿಡುತ್ತಿದ್ದಳು. ಆದರೆ ಅತ್ತಿಗೆಯದೊಂದು ಪದ್ಧತಿ ನನಗೆ ಸರಿಬರುತ್ತಿರಲಿಲ್ಲ. ಮೊದಲು ಒಂದು ಪ್ರಿಂಟು ಹಾಕಿ, ಅದನ್ನೇ ಮತ್ತೆ ಫೋಟೋ ತೆಗೆದು, ಆ ನಕಲು ನೆಗೆಟಿವ್ ಮೇಲೆ ಮಾತ್ರ ಪೆನ್ಸಿಲ್ ಇಡುವರು. ಅಸಲನ್ನು ಮುಟ್ಟುತ್ತಿರಲಿಲ್ಲ. ಒಂದು ದಿನ ನಾನು ಯಜಮಾನಿಕೆ ತೋರಿಸಿದೆ.

"ಅತ್ತಿಗೆ, ಗಿರಾಕಿ ಏನೂ ಹೇಳದಿದ್ದರೆ ಇನ್ನು ಅಸಲಿನ ಮೇಲೇ ತಿದ್ದಿಬಿಡಿ. ತಿದ್ದಿದ್ದೊಂದು ಇದ್ದರೆ ಸಾಕು."

"ಶರಿ ತಂಬಿ," ಎಂದರು. ಮೈದುನನಾದ ನನ್ನನ್ನು ಅವರು ಕರೆಯುತ್ತಿದ್ದುದು ತಮಿಳಿನ 'ತಮ್ಮ' ಎಂದೇ. ಅದನ್ನು ನಾನು ಒಪ್ಪಿಗೆ ಎಂದುಕೊಂಡೆ. ನಮ್ಮ ಮನೆಯ ಹೆಂಗಸರ 'ಶರಿ'ಗೆ 'ನೀನು ಮಾತಾಡಿ ಮುಗಿಸು' ಎಂದರ್ಥ ಎಂದು ಆಗ ತಿಳಿದಿರಲಿಲ್ಲ.

ಆ ವಾರ ಕಾಂಗೇಯಂ ಕಡೆಯ ರೈತರಾದ ನಂಜಪ್ಪನವರು ತಮ್ಮ ಎತ್ತಿನ ಫೋಟೋ ಬೇಕೆಂದರು. ಹೋಗಿ ತೆಗೆದುಕೊಂಡು ಬಂದೆ. ಎಂಥ ಎತ್ತು! ಕೊಂಬು, ಭುಜ, ನಿಂತ ಗತ್ತು, ಒಂದನ್ನೂ ತಿದ್ದುವಂತಿರಲಿಲ್ಲ. ಹಣೆಯ ಮೇಲೆ ಮಾತ್ರ ಕೂದಲು ಸುತ್ತಿಕೊಂಡ ಎರಡು ಕಪ್ಪು ಗುರುತು. ಅತ್ತಿಗೆ ತವರಿಗೆಂದು ನೆಗಮಂಗೆ ಹೋಗಿದ್ದರು. ಅವರ ಮೇಜಿನ ಮೇಲಿದ್ದ ನೆಗೆಟಿವ್ ತೆಗೆದುಕೊಂಡು, ಮಧ್ಯಾಹ್ನವೆಲ್ಲ ಕೂತು ಹಣೆಯನ್ನು ನುಣ್ಣಗೆ ಮಾಡಿದೆ. ನನ್ನ ಕೆಲಸಕ್ಕೆ ನಾನೇ ತಲೆದೂಗಿದೆ.

ನಂಜಪ್ಪನವರು ಹದಿನೈದು ದಿನ ಬಿಟ್ಟು ಬಂದರು. ಪಟವನ್ನು ಬೆಳಕಿಗೆ ಹಿಡಿದು ನೋಡಿದರು. ಬಹಳ ಹೊತ್ತು ನೋಡಿದರು.

"ಇದು ನಮ್ಮೆತ್ತಲ್ಲಪ್ಪಾ."

"ನಿಮ್ಮದೇ ಸ್ವಾಮಿ."

"ಸುಳಿ ಎಲ್ಲಿ? ನಮ್ಮೆತ್ತಿಗೆ ಜೋಡಿ ಸುಳಿ. ಅದ ನೋಡೇ ಅದು ಕರುವಾಗಿದ್ದಾಗ ನಾನು ಹಿಡ್ಕೊಂಡು ಬಂದಿದ್ದು." ದನಿ ತಗ್ಗಿತು. "ಹೋದ ಬುಧವಾರ ಹೋಗ್ಬಿಡ್ತಪ್ಪಾ ಅದು. ಇದೊಂದೇ ಪಟ."

ಸತ್ತ ಎತ್ತನ್ನು ಮತ್ತೆ ಹೋಗಿ ತೆಗೆಯುವುದು ಹೇಗೆ? ಅಸಲನ್ನೇ ಕೆಡಿಸಿದ್ದೇನೆ ಎಂದು ಹೇಳುವುದು ಹೇಗೆ? ಕಿಟಕಿಯ ಬಳಿ ಕೂತಿದ್ದ ಅತ್ತಿಗೆ ಎದ್ದು, ಅಲಮಾರಿನ ಹಿಂದಿನಿಂದ ಒಂದು ಬಿಸ್ಕತ್ತಿನ ಡಬ್ಬಿ ತೆಗೆದರು. ಮುಚ್ಚಳದ ಮೇಲೆ ಕನ್ನಡ ಮಾತನ್ನೇ ತಮಿಳು ಅಕ್ಷರದಲ್ಲಿ 'ತಂಬಿ ಮುಟ್ಟಬಾರದು' ಎಂದು ಬರೆದಿತ್ತು. ಮನೆಮಾತು ಕನ್ನಡವಾದರೂ ಅದರ ಓದು ಬರೆಹ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಒಳಗೆ, ನಾನು 'ತಿದ್ದಿದ್ದೊಂದು ಇದ್ದರೆ ಸಾಕು' ಎಂದ ಮೇಲೆ ತೆಗೆದವೂ ಸೇರಿ, ಎಲ್ಲ ಅಸಲು ನೆಗೆಟಿವ್‌ಗಳು. ನಾನು ಕೆರೆದದ್ದು ಅವರು ತವರಿಗೆ ಹೋಗುವ ಮುನ್ನ ಮಾಡಿಟ್ಟಿದ್ದ ನಕಲನ್ನು.

"ಇರಿ ಅಣ್ಣಾ, ಅರ್ಧ ಗಂಟೇಲಿ ಕೊಡ್ತೀನಿ," ಎಂದು ಕತ್ತಲೆ ಕೋಣೆಗೆ ಹೋದರು.

ಹೊಸ ಪ್ರಿಂಟು ಇನ್ನೂ ಒದ್ದೆಯಿರುವಾಗಲೇ ನಂಜಪ್ಪನವರು ಅದರ ಹಣೆಯ ಹತ್ತಿರ ಬೆರಳು ತಂದು, ಮುಟ್ಟದೆ ನಿಲ್ಲಿಸಿದರು. "ಇದು ನಮ್ಮದು," ಎಂದರು. ಅತ್ತಿಗೆಗೆ ಕೈಮುಗಿದರು. ನಾನೂ ಮನಸ್ಸಿನಲ್ಲೇ ಮುಗಿದೆ. ಎದುರಿಗೇ ಮುಗಿಯುವಷ್ಟು ದೊಡ್ಡತನ ನನಗಿರಲಿಲ್ಲ.

ಅಂದಿನಿಂದ ಅತ್ತಿಗೆಯ ಪದ್ಧತಿಯೇ ಸ್ಟುಡಿಯೋದ ಪದ್ಧತಿಯಾಯಿತು. ನನ್ನ ಒಂದು ಫೋಟೋ ವಿಷಯದಲ್ಲಿ ಮಾತ್ರ ಹಟ ಹಿಡಿದು ನನಗೆ ಬೇಕಾದಂತೆ ತಿದ್ದಿಸಿ, ದೊಡ್ಡದು ಮಾಡಿ ಗೋಡೆಗೆ ಹಾಕಿದೆ. ತಲೆ ತುಂಬ ಕೂದಲು, ಕೆನ್ನೆ ನುಣುಪು. ಮೊನ್ನೆ ಹೊಸ ಗಿರಾಕಿಯೊಬ್ಬ ಬಂದು ಅದನ್ನು ನೋಡಿ, ನನ್ನನ್ನೂ ನೋಡಿ, "ಮೊದಲಾಳಿ ಎಲ್ಲಿ, ಯಜಮಾನರು?" ಎಂದ.

"ಊಟಕ್ಕೆ ಹೋಗಿದ್ದಾರೆ, ಕೂತ್ಕೊಳ್ಳಿ," ಎಂದೆ.