ಗೋಡೆಯಾಚೆಯ ಕಂಪ್ಯೂಟರ್ ಕಾಣವಲ್ದು

ಕಂಪ್ಯೂಟರ್ ರಿಪೇರಿ ಮಾಡುವವನಿಗೆ ಜನ್ಮದಲ್ಲಿ ಹೆಚ್ಚು ಸಲ ಕೇಳಿಸುವ ಮಾತು ಒಂದೇ: “ನಾವೇನೂ ಮಾಡಿಲ್ರಿ, ಅದು ತಾನ ಹಿಂಗ ಆತು.” ಸಿಂದಗಿಯಲ್ಲಿ ಅಂಗಡಿ ಇಟ್ಟ ಹೊಸದರಲ್ಲಿ ನಾನು ಈ ಮಾತನ್ನು ನಂಬುತ್ತಿದ್ದೆ. ಇಂಡಿ ಊರಿನ ಒಂದು ವಾಡೆಯಲ್ಲಿ, ಅಂದರೆ ಹಳೆಯ ದೊಡ್ಡ ಮನೆಯಲ್ಲಿ, ಎರಡು ಕಂಪ್ಯೂಟರ್‌ಗಳ ನಡುವೆ ವೈರು ಎಳೆದ ಮೇಲೆ ನಂಬುವುದನ್ನು ಬಿಟ್ಟೆ. ಆ ಮನೆಯಲ್ಲಿ ನಾನು ಎಷ್ಟು ಸಲ ದಂಗಾಗಿ ನಿಂತೆನೆಂದರೆ, ಆಮೇಲೆ ಅವರ ಫೋನು ಬಂದರೆ ಸಾಕು, ಎದೆ ಧಸಕ್ಕೆನ್ನುತ್ತಿತ್ತು.

ಮೊಬೈಲು ಆಗಷ್ಟೇ ಎಲ್ಲರ ಕಿಸೆಗೆ ಬರುತ್ತಿದ್ದ ಕಾಲ. ವಾಡೆ ಒಂದೇ, ಮನೆ ಎರಡು. ತಂದೆ ತೀರಿದ ಮೇಲೆ ಅಣ್ಣತಮ್ಮಂದಿರು ಪಾಲಾಗಿ, ನಡುವಿನ ಬಾಗಿಲಿಗೆ ಗೋಡೆ ಕಟ್ಟಿಸಿದ್ದರು. ಅಣ್ಣ ವಕೀಲರು. ತಮ್ಮ ಲಿಂಬೆಹಣ್ಣಿನ ದಲಾಲಿ ಮಾಡುವ ಸಾಹುಕಾರರು. ಇಬ್ಬರ ತಾಯಿಯನ್ನು ಉಳಿದವರೆಲ್ಲ ಆಯಿ ಎಂದೇ ಕರೆಯುತ್ತಿದ್ದರು. ಆಕೆ ಮುಂಜಾನೆ ಒಬ್ಬ ಮಗನ ಮನೆಯಲ್ಲಿ ಉಂಡರೆ ಸಂಜೆ ಇನ್ನೊಬ್ಬನ ಮನೆಯಲ್ಲಿ. ಹಿತ್ತಲ ಬಾಗಿಲಲ್ಲಿ ಆ ಕಡೆ ಈ ಕಡೆ ಓಡಾಡುತ್ತಿದ್ದವರು ಅವರೊಬ್ಬರೇ. ಅಣ್ಣತಮ್ಮಂದಿರ ನಡುವೆ ಜಗಳವಿರಲಿಲ್ಲ, ಆದರೆ ಮಾತೂ ಇರಲಿಲ್ಲ.

ಅಷ್ಟರಲ್ಲಿ ಸಾಹುಕಾರರ ಮಗಳ ಮದುವೆ ಮುದ್ದೇಬಿಹಾಳದ ಹುಡುಗನ ಜೊತೆ ಗಟ್ಟಿಯಾಯಿತು. ದೊಡ್ಡಪ್ಪನ ಹೆಗಲ ಮೇಲೆ ಕೂತು ಬೆಳೆದ ಹುಡುಗಿ ಅದು. ದೊಡ್ಡಪ್ಪ ಅಕ್ಷತೆ ಹಾಕದೆ ತನ್ನ ಮದುವೆ ಇಲ್ಲ ಎಂದು ಪಟ್ಟು ಹಿಡಿದಿದ್ದಳು. ನನ್ನನ್ನು ಕರೆಸಿದ್ದೂ ಅವಳೇ. ಅವಳ ಕಂಪ್ಯೂಟರು ಅಪ್ಪನ ಕೋಣೆಯಲ್ಲಿತ್ತು, ದೊಡ್ಡಪ್ಪನ ಮನೆಯಲ್ಲಿ ಇನ್ನೊಂದು ಕಂಪ್ಯೂಟರು, ಜೊತೆಗೆ ಪ್ರಿಂಟರು ಇತ್ತು.

“ಎರಡೂ ಕಂಪ್ಯೂಟರ್ ಜೋಡಿಸಿ ಕೊಡ್ರಿ,” ಅಂದಳು. “ಮೊದಲ ಅವು ಮಾತಾಡ್ಲಿ. ಅವನ್ನ ನೋಡಿ ಮನಿಮಂದಿನೂ ಮಾತಾಡ್ತಾರ.”

ಎಷ್ಟು ಸುಲಭದ ಕೆಲಸ ಅಂದುಕೊಂಡು ಒಪ್ಪಿಕೊಂಡೆ.

1. ಮೊದಲು ಬಂದದ್ದು

ಹಳೆಯ ವಾಡೆಯ ಮಣ್ಣಿನ ಗೋಡೆ ಎಂದರೆ ಅದರೊಳಗೆ ಒಬ್ಬ ಮನುಷ್ಯ ಆರಾಮಾಗಿ ಮಲಗಬಹುದು, ಅಷ್ಟು ದಪ್ಪ. ನಾನು ಕರೆತಂದಿದ್ದ ಎಲೆಕ್ಟ್ರಿಷಿಯನ್ ಸಾಹುಕಾರರ ಕಡೆಯಿಂದ ಉದ್ದನೆಯ ಡ್ರಿಲ್ಲನ್ನು ಸ್ವಲ್ಪ ಮೇಲ್ಮುಖವಾಗಿ ಹಚ್ಚಿದ. ಅದು ಕೊರೆಯಿತು, ಕೊರೆಯಿತು, ಕೊರೆಯುತ್ತಲೇ ಹೋಯಿತು. ಕಡೆಗೊಮ್ಮೆ ಆ ಕಡೆ ಹೊರಬಿದ್ದ ಹಾಗಾಯಿತು. ಡ್ರಿಲ್ ಹಿಂದಕ್ಕೆ ಎಳೆದ.

ತೂತಿನಿಂದ ಜೋಳ ಸುರಿಯತೊಡಗಿತು.

ಮೊದಲು ನನಗೆ ಏನೆಂದೇ ತಿಳಿಯಲಿಲ್ಲ. ಬಿಳಿಜೋಳ, ಒಳ್ಳೆಯ ಮುತ್ತಿನಂಥ ಕಾಳು, ಸೊರ್ ಎಂದು ನನ್ನ ಬೂಟಿನ ಮೇಲೆ ಬೀಳುತ್ತಿದೆ! ಆ ಕಡೆ ವಕೀಲರ ಹೆಂಡತಿ ಗೋಡೆಗೆ ಜೋಳದ ಚೀಲ ಒಟ್ಟಿದ್ದರಂತೆ, ಡ್ರಿಲ್ ನೇರ ಚೀಲಕ್ಕೇ ಹೋಗಿತ್ತು. ಗೋಡೆಯಾಚೆಯಿಂದ ಚೀರಾಟ: “ಅಯ್ಯಯ್ಯ! ಚೀಲ ತಾನ ಬರಿದಾಗಾಕತ್ತೈತಿ, ಯಾರರ ಬರ್ರಿ!”

ನಾನು ತೂತಿಗೆ ಅಂಗೈ ಒತ್ತಿ ನಿಂತೆ. ಸಾಹುಕಾರರ ಹೆಂಡತಿ ಒಳಗಿನಿಂದ ಓಡಿ ಬಂದರು. ನೋಡಿದರು. ಒಳಗೆ ಹೋಗಿ ಒಂದು ಮೊರ ತಂದು ನನ್ನ ಕೈಯ ಕೆಳಗೆ ಹಿಡಿದರು.

“ಕೈ ತಗೀರಿ,” ಅಂದರು. “ನೆಟ್‌ವರ್ಕ್ ಅಂದ್ರ ಏನಂತ ಇಷ್ಟ ದಿನ ಗೊತ್ತಿರಲಿಲ್ಲ. ಚೊಲೋ ಐತಿ.”

2. ಖಾಲಿ ಕೋಣೆ

ಜೋಳವನ್ನು ಆಯಿ ಅಳೆದು ವಾಪಸ್ ಕೊಡಿಸಿದರು. ವೈರು ಕೂತಿತು, ಫೈಲು ಗೋಡೆ ದಾಟಿತು, ಹುಡುಗಿ ಚಪ್ಪಾಳೆ ತಟ್ಟಿದಳು. ನಾನು ಸಿಂದಗಿಗೆ ಬಂದು ಕೈಕಾಲು ತೊಳೆಯುವಷ್ಟರಲ್ಲಿ ಫೋನು: “ಆ ಕಡೆ ಕಂಪ್ಯೂಟರ್ ಕಾಣವಲ್ದ್ರೀ.”

ಬಸ್ಸು ಹಿಡಿದು ಹೋದೆ. ಕಾಣಿಸುತ್ತಿತ್ತು. ಬಂದೆ. ಮತ್ತೆ ಫೋನು. ಮತ್ತೆ ಹೋದೆ, ಮತ್ತೆ ಕಾಣಿಸುತ್ತಿತ್ತು. ಹೀಗೇ ನಡೆಯಿತು. ಇಂಡಿ ಬಸ್ಸಿನ ಕಂಡಕ್ಟರ್ ನನಗೆ ಸೀಟು ಹಿಡಿದಿಡತೊಡಗಿದ. ತಲೆ ಕೆಟ್ಟು ಒಂದು ದಿನ ವಕೀಲರ ಕೋಣೆಯ ಮೂಲೆಯಲ್ಲಿ ಚಾಪೆ ಹಾಕಿಕೊಂಡು ಕೂತೇಬಿಟ್ಟೆ.

ವಕೀಲರು ಕೋರ್ಟಿಗೆ ಹೋದರು. ಸ್ವಲ್ಪ ಹೊತ್ತಿಗೆ ಆಯಿ ಬಂದರು. ನನ್ನನ್ನು ನೋಡಲಿಲ್ಲ. ಕಂಪ್ಯೂಟರಿನ ಹಿಂದೆ ಕೈಯಾಡಿಸಿ, ಕರೆಂಟಿನ ಪಿನ್ನು ಕಿತ್ತು, ಕಂಪ್ಯೂಟರಿಗೊಂದು ಮಡಿಚಿದ ಪಂಚೆ ಹೊದಿಸಿದರು.

“ಆಯಿ!” ಎಂದು ಕೂಗಿದೆ. “ಏನ್ ಮಾಡಾಕತ್ತೀರಿ?”

ಆಯಿ ಬೆಚ್ಚಿದರೂ ಸೋಲಲಿಲ್ಲ. “ನೀ ಏನ್ ಮಾಡಾಕತ್ತಿ ಅಲ್ಲಿ? ಇಲ್ಲಿ ಬಾ, ಇದರ ಹಿಂದ ಕೈ ಹಿಡದು ನೋಡು. ಇನ್ನೂ ಬೆಚ್ಚಗ ಐತಿ. ಈಗಿನತನಾ ಒಳಗ ಪಂಖಾ ತಿರಗಾಕತ್ತಿತ್ತು. ಮುಂದ ಯಾರೂ ಕುಂತಿಲ್ಲ. ಖಾಲಿ ಕ್ವಾಣ್ಯಾಗ ಪಂಖಾ ಹಚ್ಚಿಟ್ಟು ಹೋಗಾಕ ಇದೇನು ಸರಕಾರಿ ಆಫೀಸನು?”

ಅದು ಚಾಲೂ ಇದ್ದರೆ ಮಾತ್ರ ಆ ಕಡೆಯವರಿಗೆ ಕಾಣಿಸುತ್ತದೆ ಎಂದು ಬಿಡಿಸಿ ಹೇಳಿದೆ. ಸಂಜೆ ವಕೀಲರು ಬಂದು ಮತ್ತೆ ಚಾಲೂ ಮಾಡುತ್ತಿದ್ದರಂತೆ, ನಾನು ತಲುಪುತ್ತಿದ್ದದ್ದೂ ಆಗಲೇ. ಆಯಿ ತಲೆಯಾಡಿಸಿ, ಪಿನ್ನು ಹಾಕಿದರು. ಹೋಗುವಾಗ ಕೋಣೆಯ ಲೈಟು ಆರಿಸಿ ಹೋದರು, ನಾನು ಒಳಗಿದ್ದಂತೆಯೇ.

3. ಒಳಗೆ ಬೇರೆ, ಹೊರಗೆ ಬೇರೆ

ಇದು ಸಣ್ಣದು. ಮತ್ತೆ “ಕಾಣವಲ್ದು” ಎಂದು ಕರೆ ಬಂತು. ಈ ಸಲ ಕಂಪ್ಯೂಟರ್ ಎರಡೂ ಚಾಲೂ ಇದ್ದವು, ವಿಷಯ ವೈರಿನದು. ಸಾಹುಕಾರರ ಕಡೆ ತೂತಿನಿಂದ ಕೋಣೆಯವರೆಗೆ ಅಂಗಳ ದಾಟಿಸಿ ಬಿಗಿಯಾಗಿ ಎಳೆದಿದ್ದೆ. ನೋಡಿದರೆ ಅದರ ತುಂಬ ಒದ್ದೆ ಸೀರೆ, ಧೋತರ, ಹೊದೆಯುವ ದಪ್ಪ ಕೌದಿ ಕೂಡ ನೇತಾಡುತ್ತಿವೆ. ನಡುವೆ ವೈರು ಜೋತು ನೆಲ ಮುಟ್ಟಿದೆ.

ನಾನು ತಲೆಯ ಮೇಲೆ ಕೈಹೊತ್ತು, “ಇದರಾಗ ಫೈಲ್ ಹೋಗ್ತಾವ್ರೀ ಅಕ್ಕಾರ!” ಅಂದೆ.

ಸಾಹುಕಾರರ ಹೆಂಡತಿ ಕೌದಿಯನ್ನು ಇನ್ನಷ್ಟು ಸರಿಯಾಗಿ ಹರವುತ್ತ ಅಂದರು: “ಫೈಲ್ ಒಳಗ ಹೋಗ್ತಾವ, ಸೀರಿ ಹೊರಗ ಒಣಗ್ತಾವ. ಒಂದಕ್ಕೊಂದು ಏನ್ ಸಂಬಂಧ?”

4. ಪರವಾನಗಿ

ನಾನು ಮುದ್ದೇಬಿಹಾಳದಲ್ಲಿ ಬೇರೆ ಕೆಲಸದ ಮೇಲಿದ್ದಾಗ ಸಾಹುಕಾರರೇ ಫೋನು ಮಾಡಿದರು. “ಈಗಿಂದೀಗ ಬರ್ರಿ. ನಮ್ಮಣ್ಣ ಇಂಥಾ ಮನಷ್ಯಾ ಅಂತ ನಾ ತಿಳಿದಿರಲಿಲ್ಲ.”

ಯಾರಿಗೋ ಏನೋ ಆಯಿತೆಂದು ಗಾಬರಿಯಿಂದ ಓಡಿದೆ. ಸಾಹುಕಾರರು ಕಂಪ್ಯೂಟರಿನ ಎದುರು ಟೊಪ್ಪಿಗೆ ತೆಗೆದಿಟ್ಟು ಕೂತಿದ್ದರು. ಅಣ್ಣನ ಕಂಪ್ಯೂಟರಿನ ಫೋಲ್ಡರ್ ತೆರೆಯಲು ಹೋದರೆ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಮಾತು ಬರುತ್ತಿತ್ತು. ಮಗಳ ಕೈಲಿ ಅರ್ಥ ಹೇಳಿಸಿಕೊಂಡಿದ್ದರು: ಇಲ್ಲಿಗೆ ಬರಲು ನಿಮಗೆ ಪರವಾನಗಿ ಇಲ್ಲ.

“ನಾ ಹುಟ್ಟಿದ ಮನಿ ಇದು,” ಅಂದರು. “ನನಗ ಪರವಾನಗಿ ಇಲ್ಲಂತ ಬರಸಿ ಇಟ್ಟಾನಲ್ರೀ! ಬಾಯಲೇ ಅಂದಿದ್ರ ತಡಕೋತಿದ್ದೆ.”

ಅದು ಯಂತ್ರದ ಮಾತು, ಅಣ್ಣನದಲ್ಲ ಎಂದರೆ ನಂಬಲೊಲ್ಲರು. ವಕೀಲರ ಕಡೆ ಓಡಿದೆ. ಅವರಿಗೂ ದಿಗಿಲು. “ನಾ ಹಂಗ ಏನೂ ಬರದಿಲ್ಲ! ಯಾರು ಬರದಾರ?” ಅಂದರು. ಅದರ ಕೆಳಗೆ ಅಡ್ಮಿನಿಸ್ಟ್ರೇಟರನ್ನು ವಿಚಾರಿಸಿ ಎಂದು ಇರುವುದನ್ನು ಹೇಳಿದೆ. ಕೋರ್ಟಿನಲ್ಲಿ ಅದು ಸತ್ತವರ ಆಸ್ತಿಗೆ ನೇಮಿಸುವ ಆಡಳಿತಗಾರನ ಹೆಸರು, ವಕೀಲರ ಕಣ್ಣು ಕೆಂಪಾದವು. “ಯಾರವ? ನಾನು, ನನ್ನ ತಮ್ಮ ಇಬ್ಬರೂ ಜೀವಂತ ಇರಬೇಕಾದ್ರ, ನಮ್ಮ ಮನಿಗೆ ಅಡ್ಮಿನಿಸ್ಟ್ರೇಟರ್ ನೇಮಿಸಿದವರು ಯಾರು?”

ಕಡೆಗೆ ಆ ಫೋಲ್ಡರಿನ ಮೇಲೆ ಎಲ್ಲರಿಗೂ ಪೂರ್ತಿ ಹಕ್ಕು ಕೊಟ್ಟುಬಿಡೋಣ ಎಂದೆ. ವಕೀಲರು ಕನ್ನಡಕ ತೆಗೆದು ಒರೆಸಿಕೊಂಡರು.

“ಕೊಡು,” ಅಂದರು. “ಆದರ ಒಂದು ಮಾತು ನೆನಪಿಟ್ಟುಕೋ. ಎಲ್ಲಾರಿಗೂ ಪೂರ್ತಿ ಹಕ್ಕು ಇದ್ದ ಮನಿಗಳಿಂದನ ನಾ ಇಷ್ಟು ವರ್ಷ ಹೊಟ್ಟಿ ಹೊರದೇನಿ.”

5. ಸುಖಾಗಮನ ಬಯಸುವವರು

ವಕೀಲರ ಮಾತು ನಿಜವಾಯಿತು. ಲಗ್ನಪತ್ರಿಕೆಯ ಫೈಲನ್ನು ಹುಡುಗಿ ಆ ಫೋಲ್ಡರಿನಲ್ಲೇ ಇಟ್ಟಳು, ಎರಡೂ ಮನೆಯವರು ಓದಿ ಒಪ್ಪಲಿ ಎಂದು. ಕೆಳಗೆ ಸುಖಾಗಮನ ಬಯಸುವವರು ಎಂದು ಅಪ್ಪ, ದೊಡ್ಡಪ್ಪ ಇಬ್ಬರ ಹೆಸರೂ, ಜೊತೆಗೆ ತಾಂಬಾ ಎಂಬ ಊರಿನಲ್ಲಿರುವ ದೊಡ್ಡಮ್ಮನ ಅಣ್ಣನ ಹೆಸರೂ ಹಾಕಿದ್ದಳು.

ಸಾಹುಕಾರರ ಫೋನು: “ವೈರಸ್ ಬಂದೈತ್ರಿ! ಮುಂಜಾನೆ ನನ್ನ ಹೆಸರ ಮ್ಯಾಲಿತ್ತು. ಈಗ ಕೆಳಗ ಐತಿ.”

ಇಡುವಷ್ಟರಲ್ಲಿ ವಕೀಲರ ಫೋನು: “ವೈರಸ್ ಐತಿ ಇದರಾಗ. ತಾಂಬಾದಾಗಿನ ನಮ್ಮ ಮನಿಯಾಕಿ ಅಣ್ಣನ ಹೆಸರ ತಿಂದೈತಿ.”

ಹೋಗಿ ಎರಡೂ ಕಂಪ್ಯೂಟರ್ ಜಾಲಾಡಿದೆ. ವೈರಸ್ಸಿನ ಸುಳಿವಿಲ್ಲ. ಫೈಲು ತೆರೆದರೆ ತಾಂಬಾದವರ ಹೆಸರು ಅಳಿಸಿ, ಆ ಜಾಗದಲ್ಲಿ ಹೊರ್ತಿಯಲ್ಲಿರುವ ಸಾಹುಕಾರರ ಹೆಂಡತಿಯ ತಮ್ಮನ ಹೆಸರು ಕೂತಿತ್ತು. ಬೀಗರ ಊರು ಗೊತ್ತಿರುವ ವೈರಸ್ಸನ್ನು ನಾನು ಅದೇ ಮೊದಲು ನೋಡಿದ್ದು. ಚಹಾ ಕುಡಿದು ಮತ್ತೆ ತೆರೆದೆ. ಹೊರ್ತಿ ಹೋಗಿ ತಾಂಬಾ ಬಂದಿತ್ತು, ಜೊತೆಗೆ ಸಾಲೋಟಗಿಯ ಇಬ್ಬರು ನೆಂಟರು. ಇನ್ನೊಂದು ಗಳಿಗೆ ಬಿಟ್ಟು ನೋಡಿದರೆ ಹೆಸರುಗಳ ಸಾಲು ಎರಡನೇ ಪುಟಕ್ಕೆ ಇಳಿದಿತ್ತು.

ಹುಡುಗಿ ನನ್ನ ಹೆಗಲಾಚೆ ಇಣುಕಿ ಓದಿದಳು. ಒಂದು ಹೆಸರಿಗೆ ಬಂದು ಬೆಚ್ಚಿಬಿದ್ದಳು. “ಅಯ್ಯ! ಈ ಅಜ್ಜಾ ತೀರಿಕೊಂಡು ಎಷ್ಟ ವರ್ಷ ಆತು! ಇವರ್ಯಾಕ ಸುಖಾಗಮನ ಬಯಸಾಕತ್ತಾರ?”

ಜೀವಂತ ಬಂಧುಗಳು ಸಾಲದೆ ಸತ್ತವರನ್ನೂ ಕರೆದು ಬಲ ಹೆಚ್ಚಿಸಿಕೊಳ್ಳುತ್ತಿದ್ದರು! ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಗೋಡೆಯಾಚೆಯಿಂದ ವಕೀಲರ ದನಿ, ಇಡೀ ವಾಡೆಗೆ ಕೇಳುವಂತೆ: “ನನ್ನ ಹೆಸರ ಕೆಳಗ ಇದ್ರ ನಾ ಮದುವಿಗೆ ಬರಂಗಿಲ್ಲ!” ಈ ಕಡೆಯಿಂದ ಸಾಹುಕಾರರು: “ಹುಡುಗಿ ಅಪ್ಪ ನಾನು! ಬರಂಗಿದ್ರ ಬರ್ಲಿ, ಬಿಟ್ಟರ ಬಿಡ್ಲಿ!” ಎಂದವರೇ ಲಿಂಬೆಯ ಹರಾಜಿಗೆ ಹೊರಟುಹೋದರು. ವಕೀಲರು ಕೋರ್ಟಿಗೆ ಹೋದರು. ಹುಡುಗಿ ಕೀಬೋರ್ಡಿನ ಮೇಲೆ ತಲೆ ಇಟ್ಟು ಅಳತೊಡಗಿದಳು. ಗೋಡೆ ಇದ್ದಾಗ ಜಗಳವಾದರೂ ಇರಲಿಲ್ಲ, ಅದಕ್ಕೆ ತೂತು ಕೊರೆಸಿದವನು ನಾನು.

ಹಿತ್ತಲ ಬಾಗಿಲಿಂದ ಆಯಿ ಬಂದರು. ಮೊಮ್ಮಗಳ ಬೆನ್ನ ಮೇಲೆ ಕೈ ಇಟ್ಟು ನನ್ನ ಕಡೆ ತಿರುಗಿದರು.

“ತಮ್ಮಾ, ಆ ಕಡೆಯವಗ ಇದು ಕಾಣದಂಗ ಮಾಡಾಕ ಬರ್ತದೇನು?”

“ವೈರ್ ಕಿತ್ತರ ಆತ್ರಿ.”

“ಕೀಳು.”

ಕಿತ್ತೆ. ಅಷ್ಟು ಸಲ ಬಸ್ಸು ಹತ್ತಿ ಮಾಡಿದ ಕೆಲಸ ಟಿಕ್ ಎಂದು ಮುಗಿಯಿತು. ಆಯಿ ಕುರ್ಚಿ ಎಳೆದು ಕೂತು, ನನ್ನ ಕೈಲಿ ಹೊಸ ಪತ್ರಿಕೆ ಹೇಳಿ ಬರೆಸಿದರು. ನನ್ನ ಮೊಮ್ಮಗಳ ಮದುವೆ, ಬರಬೇಕು, ಹರಸಬೇಕು. ಕೆಳಗೆ ಸುಖಾಗಮನ ಬಯಸುವವರು ಎಂಬಲ್ಲಿ ಒಂದೇ ಹೆಸರು, ಆಯಿಯದು.

ಹುಡುಗಿಯ ಅಳು ನಿಂತುಹೋಯಿತು. ನಾನು ತೊದಲಿದೆ: “ಆಯಿ, ಮಕ್ಕಳ ಹೆಸರ...?”

“ಅದಕ್ಕ ಬ್ಯಾರೆ ಜಾಗಾ ಐತಿ. ನೀ ಅಚ್ಚು ಹಾಕಿಸಿಕೊಂಡು ಬಾ.”

ಸಿಡಿ ಹಿಡಿದು ಬಸವನ ಬಾಗೇವಾಡಿಯಲ್ಲಿ ನನಗೆ ಗುರುತಿದ್ದ ಪ್ರೆಸ್ಸಿಗೆ ಹೋದೆ. ಪ್ರೆಸ್ಸಿನವರು ಓದಿ, “ಹುಡುಗಿಗೆ ಅಪ್ಪ ಇಲ್ಲೇನ್ರಿ ಪಾಪ?” ಅಂದರು. ಅದಾರ, ಗಟ್ಟಿಮುಟ್ಟ ಅದಾರ ಎಂದೆ. ಅವರು ನನ್ನನ್ನು ಒಂದು ಥರಾ ನೋಡಿದರು.

ಪತ್ರಿಕೆಯ ಗಂಟು ತಂದ ದಿನ ಆಯಿ ಒಳ್ಳೆಯ ಇಳಕಲ್ ಸೀರೆ ಉಟ್ಟು, ತಟ್ಟೆಯಲ್ಲಿ ಅಕ್ಷತೆ ಇಟ್ಟುಕೊಂಡು ಸಿದ್ಧರಾಗಿದ್ದರು. ಹಿತ್ತಲ ಬಾಗಿಲಲ್ಲಿ ಹೋಗಲಿಲ್ಲ. ಬೀದಿಗಿಳಿದು ಸುತ್ತು ಹಾಕಿ, ವಕೀಲರ ಮುಂಬಾಗಿಲಿಗೆ ಬಂದು ಚಿಲಕ ಬಡಿದರು.

“ವಕೀಲ್‌ಸಾಹೇಬ್ರ, ಮನ್ಯಾಗ ಅದೀರೇನ್ರಿ?”

ವಕೀಲರು ಬಾಗಿಲು ತೆಗೆದರು. ಹೆತ್ತ ತಾಯಿ ಬಹುವಚನದಲ್ಲಿ ಕರೆದದ್ದು ಕೇಳಿ ಅವರ ಕನ್ನಡಕ ಮೂಗಿನ ತುದಿಗೆ ಬಂದಿತ್ತು. “ಅವ್ವಾ, ಇದೇನಿದು?”

“ನಮ್ಮ ಮನಿ ಮದುವಿ ಐತ್ರಿ. ತಾವು ಮನಿಮಂದಿ ಸಹಿತ ಬರಬೇಕ್ರಿ,” ಎಂದು ಅಕ್ಷತೆ ಕೈಗಿತ್ತು, ಲಕೋಟೆ ಕೊಟ್ಟರು. ಆಮೇಲೆ ಪಕ್ಕದ ಬಾಗಿಲಿಗೆ ಹೋಗಿ ಚಿಲಕ ಬಡಿದರು. “ಸಾಹುಕಾರ್ರ, ಅದೀರೇನ್ರಿ?”

ಹುಡುಗಿಯ ಹಡೆದ ಅಪ್ಪ ಮಗಳ ಮದುವೆಯ ಕರೆಯೋಲೆ ಕೈಯಲ್ಲಿ ಹಿಡಿದು ಹೊಸ್ತಿಲಲ್ಲೇ ಕಲ್ಲಾದರು. ಇಬ್ಬರೂ ಪತ್ರಿಕೆ ಬಿಚ್ಚಿದರು, ಓದಿದರು, ಹಿಂದೆ ಮುಂದೆ ತಿರುಗಿಸಿ ಓದಿದರು. ಇಬ್ಬರೂ ಒಮ್ಮೆಲೇ ಬೀದಿಗಿಳಿದರು.

“ಅವ್ವಾ, ಇದರಾಗ ನಮ್ಮ ಹೆಸರ ಎಲ್ಲೈತಿ?”

“ಯಾಕ್ರಿ? ಲಕೋಟಿ ಮ್ಯಾಲ ಐತಲ್ರಿ,” ಎಂದು ಆಯಿ ಮುಂದಿನ ಮನೆಗೆ ನಡೆದರು.

ಅಣ್ಣತಮ್ಮಂದಿರು ಬೀದಿಯಲ್ಲಿ ಎದುರುಬದುರು ಉಳಿದರು. ನಾನು ಗಂಟು ಎದೆಗವಚಿಕೊಂಡು ನಿಂತಿದ್ದೆ. ಹುಡುಗಿ ಕಿಟಕಿಯ ಸರಳು ಹಿಡಿದು ನೋಡುತ್ತಿದ್ದಳು. ವಕೀಲರು ಕೆಮ್ಮಿ, ತಮ್ಮನ ಮುಖ ನೋಡಿದರು.

“ನಿನಗೂ ಬಂತೇನೋ?”

“ಬಂತಣ್ಣಾ. ಏನ್ ಮಾಡೂಣು, ಹೋಗೂಣೇನು?”

“ಹೋಗಾಕಬೇಕಲ್ಲೋ,” ಅಂದರು ವಕೀಲರು. “ಮನಿತನಕ ಬಂದು ಕರದಾರ. ಹೋಗಲಿಲ್ಲಂದ್ರ ಹುಡುಗಿ ಕಡೆಯವರು ಏನ್ ತಿಳ್ಕೋತಾರ?”