ಕಣ್ಣೊಳಗಿನ ಚೆಕ್‌ಪೋಸ್ಟು

ನಮ್ಮ ಮಾಮಿ ಕಣ್ಣಿನ ಪೊರೆ ತೆಗೆಯುತ್ತಾರೆಂದು ಬೆಟ್ಟದೂರು ಕೆತ್ತಿಯ ನಮ್ಮ ಹಟ್ಟಿಗೆಲ್ಲ ಡಂಗುರ ಹೊಡೆದ ಮಹಾ ಪೆದ್ದ ನಾನೇ! ಅಪ್ಪನ ಅಕ್ಕನಾದ ಮಾಮಿ ಕೊಯಮತ್ತೂರಿನ ಲ್ಯಾಬೊಂದರಲ್ಲಿದ್ದರು. “ನನ್ನ ಕೆಲಸ ಕಣ್ಣಿನ ಕೋಶದ ಪೊರೆ ಮೇಲೆ” ಎಂದರು. ಪೊರೆಯೆಂದರೆ ಇನ್ನೇನು? ಮರುದಿನ, ರಜೆಗೆ ಊರಿಗೆ ಬಂದಿದ್ದ ಮಾಮಿಯ ಬಾಗಿಲಲ್ಲಿ ಅಜ್ಜಿಯರ ಸಾಲು!

“ತೆಗೆಯೋಳಲ್ಲ ಅಜ್ಜಿ. ಆ ಪೊರೆಯಲ್ಲಿ ಯಾವ ಪ್ರೋಟೀನ್ ಎಲ್ಲಿರಬೇಕು ಅಂತ ನೋಡೋಳು.”

“ನೋಡಿ ಸುಮ್ಮನೆ ಬಿಟ್ಟುಬಿಡ್ತೀಯಾ? ಅದೆಂಥ ಓದು ಮಗಳೇ!”

ಮಾಮಿಯ ಇನ್ನೊಂದು ಹುಚ್ಚು ಕೇಳಿ. ಕತ್ತಲಾಗುತ್ತಲೇ ಇದ್ದಲ್ಲೇ ಕೂತು ಪಾಠ! ಎಸ್‌ಟಿಡಿ ಬೂತೋ, ಚಹಾ ತೋಟದ ಬದುವೋ, ಯಾರಾದರೂ ಕೈಹಿಡಿದು ಮನೆಗೆ ಎಳೆದೊಯ್ಯುವವರೆಗೆ ನಿಲ್ಲದು. ಒಮ್ಮೆ ನಾವಿಬ್ಬರೂ ಬೊಕ್ಕಾಪುರಕ್ಕೆ ಹೋಗುವಾಗ ದಾರಿಯಲ್ಲೇ ಕತ್ತಲಾಗಿ, ಕಾಡಿನ ಚೆಕ್‌ಪೋಸ್ಟಿನ ಗಾರ್ಡ್ ಸಿಕ್ಕಿಬಿದ್ದ.

“ತಂಬೀ, ಬೆಳಕು ಹಿಡಿಯೋ ಕೋಶಕ್ಕೆ ಎರಡು ಕೋಣೆ. ಈಚೆ ಪ್ರೋಟೀನ್ ತಯಾರು, ಆಚೆ ಬೆಳಕು ಹಿಡಿಯೋ ಕೆಲಸ. ನಡುವೆ ರೋಮದಂಥ ಸಣ್ಣ ದಾರಿ, ಅಲ್ಲೊಂದು ಗೇಟು. ಬೇಕಾದ್ದು ದಾಟಿ ಆಚೆ ಪೊರೆ ಸೇರಬೇಕು, ಬೇಡದ್ದು ಈಚೆಗೇ ನಿಲ್ಲಬೇಕು.”

“ಗೇಟು ಕೆಟ್ಟರೆ?”

“ಎಲ್ಲಾ ದಾರಿ ತಪ್ಪಿ ಕೋಶವೇ ಸಾಯುತ್ತೆ. ಮೊದಲು ಹೋಗೋದು ಕತ್ತಲ ನೋಟ.”

ಗಾರ್ಡ್ ತಲೆ ಕೆರೆದುಕೊಂಡ. “ಅಲ್ಲಿ ಗೇಟಲ್ಲಿರೋನು ಪರ್ಮನೆಂಟಾ ಅಮ್ಮಾ, ಇಲ್ಲಾ ನನ್ನಂಗೆ ಟೆಂಪರರಿಯಾ?”

ಇಂಥದ್ದು ಸಿಕ್ಕರೆ ಬಿಡುವ ನಾಲಿಗೆಯೇ ನನ್ನದು? ಇಬ್ಬರ ದನಿಯಲ್ಲೂ ಹಟ್ಟಿಗೆಲ್ಲ ಆಡಿ ತೋರಿಸಿದೆ. ಮಾಮಿ ಕತ್ತು ಚಾಚಿ, ಕಾಲಲ್ಲಿ ನೆಲ ತಡವಿ ಇಡುವ ಕೊಕ್ಕರೆ ಹೆಜ್ಜೆಯಂತೂ ನನ್ನ ಅತ್ಯುತ್ತಮ ಐಟಂ!

ಅಂದು ಮುಸ್ಸಂಜೆ, ಜಗಲಿಯಲ್ಲಿ ಮಾಮಿಯ ಪಾಠ. ಎದುರಿಗೇ ನಿಂತು ಕೊಕ್ಕರೆ ಹೆಜ್ಜೆ ಹಾಕಿದೆ. ಬೈಗುಳವಿಲ್ಲ! ನಾಲಿಗೆ ಚಾಚಿದೆ. ನಗುವೂ ಇಲ್ಲ! ಸೋತು, “ಚಹಾ, ಮಾಮಿ” ಎಂದು ಲೋಟ ನೀಡಿದೆ. ಅವರ ಕೈ ಲೋಟದ ಪಕ್ಕದ ಗಾಳಿಯನ್ನು ತಡಕಾಡಿತು.

ಕತ್ತಲಾದರೆ ಇದ್ದಲ್ಲೇ ಪಾಠ... ಯಾರಾದರೂ ಕೈಹಿಡಿಯುವವರೆಗೆ... ಅಯ್ಯೋ ದೇವರೇ!

“ಮಾಮಿ... ಆ ಕೆಟ್ಟ ಗೇಟು ನಿಮ್ಮದಾ?”

“ಹೂಂ. ಪರ್ಮನೆಂಟಾಗಿ.”

ಲೋಟವನ್ನು ಅವರ ಬೆರಳುಗಳಿಗೆ ತಾಗಿಸಿದೆ. ಊರಿನ ಎಲ್ಲರ ದನಿ ಆಡುವ ನಾನು ಮೊದಲ ಸಲ ನನ್ನದೇ ದನಿಯಲ್ಲಿ ಹೇಳಿದೆ.

“ಇನ್ಮೇಲೆ ನಿಮ್ಮ ನಡಿಗೆ ಅಣಕಿಸಲ್ಲ ಮಾಮಿ.”

ಮಾಮಿ ಚಹಾ ಮುಗಿಸಿ ಎದ್ದು, ಖಾಲಿ ಕೈ ಚಾಚಿದರು.

“ಅಣಕಿಸೋ ಮಂಕೇ! ಆದ್ರೆ ಕೈ ಹಿಡ್ಕೊಂಡು ಅಣಕಿಸು. ಮುಂದೆ ಮೆಟ್ಟಿಲಿದೆ.”